ಡೇರಿ ಫೈಲನ್ನು ಸಿ ಭಾಷೆಯಲ್ಲಿ ಓದಿದರೆ ಇಲ್ಲದ ಸದಸ್ಯರು ಬರುತ್ತಿದ್ದಾರೆ, ಕೊನೆಯ ರೆಕಾರ್ಡ್ ಎರಡು ಸಲ ಬರುತ್ತಿದೆ

ಹಾಲಿನಲೆಕ್ಕ
ಎಲ್ಲರಿಗೂ ನಮಸ್ಕಾರ. ನಮ್ಮೂರ ಹಾಲಿನ ಡೇರಿಯ ದಿನದ ಲೆಕ್ಕ ಓದಿ ಸದಸ್ಯರ ಬಟವಾಡೆ ಪಟ್ಟಿ ತೆಗೆಯುವ ಪ್ರೋಗ್ರಾಂ ಬರೆಯುತ್ತಿದ್ದೇನೆ. ಕಾಲೇಜಿನ ಪ್ರಾಜೆಕ್ಟ್ ಕೂಡ ಇದೇ, ಹಾಗಾಗಿ ಸಿ ಭಾಷೆಯಲ್ಲೇ ಆಗಬೇಕು. ಫೈಲಿನಲ್ಲಿ ಒಂದು ಸಾಲಿಗೆ ಒಂದು ರೆಕಾರ್ಡ್. ಸದಸ್ಯ ಸಂಖ್ಯೆಗೆ 4 ಜಾಗ, ಹೆಸರಿಗೆ 20, ಹೊತ್ತಿಗೆ 1 (ಬೆಳಿಗ್ಗೆ ಅಂದರೆ 1, ಸಂಜೆ ಅಂದರೆ 2), ಲೀಟರಿಗೆ 5, ಫ್ಯಾಟ್‌ಗೆ 3, ಎಸ್‌ಎನ್‌ಎಫ್‌ಗೆ (ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿದ ಘನಾಂಶ) 3. ಒಟ್ಟು 36. ಹೆಸರು ಬದಲಿಸಿ ಎರಡು ಸಾಲು ಹಾಕಿದ್ದೇನೆ:

0147ಕೃಷ್ಣಪ್ಪ            100650041085
0152ಗಂಗಮ್ಮ              200420040086

ಅಂದರೆ ಕೃಷ್ಣಪ್ಪ ಬೆಳಿಗ್ಗೆ 6.50 ಲೀಟರ್, ಫ್ಯಾಟ್ 4.1, ಎಸ್‌ಎನ್‌ಎಫ್ 8.5.

ಇಂಗ್ಲಿಷ್‌ನಲ್ಲಿ ಹೆಸರು ಬರೆದ ಸಾಲುಗಳೆಲ್ಲ ಸರಿಯಾಗಿ ಬರುತ್ತವೆ. ಕನ್ನಡ ಹೆಸರಿದ್ದರೆ ಲೀಟರ್ ಸೊನ್ನೆ. ಕೃಷ್ಣಪ್ಪ ಅನ್ನೋದು 'ಕೃಷ್ಣಪ' ಆಗಿ ಮುಂದೆ ಒಂದು ಚೌಕ ಬರುತ್ತದೆ, ಆದರೆ ಗಂಗಮ್ಮನ ಹೆಸರು ಪೂರ್ತಿ ಇರುತ್ತದೆ. ಇನ್ನೂ ವಿಚಿತ್ರ ಅಂದರೆ ಪ್ರತಿ ಕನ್ನಡ ಸಾಲಿನ ಹಿಂದೆಯೇ ಇನ್ನೊಬ್ಬ ಸದಸ್ಯ ಬರುತ್ತಾನೆ. ಕೃಷ್ಣಪ್ಪನ ಹಿಂದೆ 100, ಗಂಗಮ್ಮನ ಹಿಂದೆ 4200. ನಮ್ಮ ಡೇರಿಯಲ್ಲಿ ಅಷ್ಟು ಜನರೇ ಇಲ್ಲ. ಇದೆಲ್ಲದರ ಮೇಲೆ ಫೈಲಿನ ಕೊನೆಯ ರೆಕಾರ್ಡ್ ಎರಡು ಸಲ ಬರುತ್ತಿದೆ. ಎಫ್‌ಗೆಟ್ಸ್‌ನಿಂದ ಸಾಲು ಓದುತ್ತಿದ್ದೇನೆ, ಲೂಪಿಗೆ 'ವೈಲ್ ನಾಟ್ ಎಫ್‌ಇಒಎಫ್' (ಫೈಲಿನ ತುದಿ ಬರುವ ತನಕ ಓಡು ಅಂತ) ಹಾಕಿದ್ದೇನೆ. ಎಲ್ಲಿ ಎಡವಟ್ಟಾಗಿದೆ ಅಂತ ಯಾರಾದರೂ ಹೇಳಿ.

ಶಿರಸಿ_ಹುಡುಗ
ಪೈಥಾನ್‌ನಲ್ಲಿ ಐದು ಸಾಲಿನ ಕೆಲಸ ಇದು. ಸಿ ಯಾಕೆ?

ಹಾಲಿನಲೆಕ್ಕ
ಪ್ರಾಜೆಕ್ಟ್ ನಿಯಮ ಹಾಗಿದೆ ಅಣ್ಣ. ಬೇರೆ ದಾರಿ ಇಲ್ಲ.

ಸಿ_ಪಾಠ
ಕೊನೆಯ ರೆಕಾರ್ಡಿನ ವಿಷಯ ಮೊದಲು ಹೇಳಿಬಿಡುತ್ತೇನೆ, ಅದು ಬಿಡಿಯಾದ ತೊಂದರೆ. ಎಫ್‌ಇಒಎಫ್ ಅನ್ನೋದು "ಮುಂದೆ ಇನ್ನೇನಾದರೂ ಇದೆಯಾ" ಎಂದು ನೋಡುವುದಿಲ್ಲ. "ಹಿಂದಿನ ಸಲ ಓದಲು ಹೋದಾಗ ಫೈಲಿನ ತುದಿಗೆ ತಾಗಿತಾ" ಎಂದು ಮಾತ್ರ ಹೇಳುತ್ತದೆ. ನೀವು ಕೊನೆಯ ಸಾಲನ್ನು ಅದರ ನ್ಯೂಲೈನ್ (ಸಾಲು ಮುಗಿಯಿತು ಎನ್ನುವ ಗುರುತು) ಸಮೇತ ಓದಿದಿರಿ. ತುದಿ ಇನ್ನೂ ತಾಗಿಲ್ಲ. ಹಾಗಾಗಿ ಲೂಪ್ ಇನ್ನೊಂದು ಸುತ್ತು ಹೋಗುತ್ತದೆ. ಈ ಸಲ ಎಫ್‌ಗೆಟ್ಸ್‌ಗೆ ಏನೂ ಸಿಗಲಿಲ್ಲ, ಅದು ನಲ್ (ಏನೂ ಇಲ್ಲ ಎನ್ನುವ ಉತ್ತರ) ಕೊಟ್ಟಿತು, ಬಫರನ್ನು (ಓದಿದ ಸಾಲು ಇಡುವ ಜಾಗ) ಮುಟ್ಟಲಿಲ್ಲ. ನೀವು ಆ ನಲ್ ನೋಡದೆ ಬಫರಿನಲ್ಲಿ ಉಳಿದಿದ್ದ ಹಳೆಯ ಸಾಲನ್ನೇ ಮತ್ತೆ ಲೆಕ್ಕಕ್ಕೆ ಹಿಡಿದಿರಿ. ಬಟವಾಡೆ ಪಟ್ಟಿಯಲ್ಲಿ ಒಬ್ಬರಿಗೆ ಎರಡು ಹೊತ್ತಿನ ದುಡ್ಡು ಹೋಯಿತು!

ಲೂಪಿನ ಷರತ್ತಿನಲ್ಲೇ ಎಫ್‌ಗೆಟ್ಸ್ ಇಡಿ. ಅದು ನಲ್ ಕೊಡುವ ತನಕ ಓಡಲಿ. ಮುಗಿದ ಮೇಲೆ, ತುದಿ ಬಂದು ನಿಂತಿತಾ ಇಲ್ಲ ಓದುವುದರಲ್ಲೇ ತಪ್ಪಾಯಿತಾ ಎಂದು ತಿಳಿಯಬೇಕಾದರೆ ಆಗ ಎಫ್‌ಇಒಎಫ್, ಎಫ್‌ಎರರ್ ಕೇಳಿ.

ಅಡಿಕೆತೋಟ
ನಾನೂ ಅದೇ ವೈಲ್ ಬಳಸುತ್ತೇನೆ. ನನಗೆ ಕೊನೆಯ ಸಾಲು ಎರಡು ಸಲ ಬಂದಿದ್ದೇ ಇಲ್ಲ. ಸುಮ್ನೆ ಎಲ್ಲರೂ ಎಫ್‌ಇಒಎಫ್ ಮೇಲೆ ಗೂಬೆ ಕೂರಿಸುತ್ತಾರೆ.

ಸಿ_ಪಾಠ
ನಿಮ್ಮ ಫೈಲಿನ ಕೊನೆಯ ಸಾಲಿಗೆ ನ್ಯೂಲೈನ್ ಇರಲಿಕ್ಕಿಲ್ಲ. ಆಗ ಆ ಸಾಲು ಓದುವಾಗಲೇ ತುದಿ ತಾಗುತ್ತದೆ, ಲೂಪ್ ಅಲ್ಲಿಗೇ ನಿಲ್ಲುತ್ತದೆ. ಯಾರಾದರೂ ಆ ಫೈಲನ್ನು ಎಡಿಟರಿನಲ್ಲಿ ತೆರೆದು ಸೇವ್ ಮಾಡಿದರೆ ಎಷ್ಟೋ ಎಡಿಟರುಗಳು ಕೊನೆಗೊಂದು ನ್ಯೂಲೈನ್ ಸೇರಿಸುತ್ತವೆ. ಅವತ್ತಿನಿಂದ ನಿಮಗೂ ಎರಡು ಸಲ ಬರುತ್ತದೆ. ಈಗಲೇ ಒಂದು ಪ್ರತಿ ಮಾಡಿಕೊಂಡು ನೋಡಿ.

ಅಡಿಕೆತೋಟ
ನೋಡಿದೆ. ಬಂತು. ಬದಲಾಯಿಸುತ್ತೇನೆ.

ರಾತ್ರಿಪಾಳಿ
ಇಲ್ಲದ ಸದಸ್ಯರ ಬಗ್ಗೆ ಎರಡು ಪ್ರಶ್ನೆ. ನಿಮ್ಮ ಬಫರ್ ಎಷ್ಟು ದೊಡ್ಡದು? ಈ ಫೈಲನ್ನು ಬರೆದ ಪ್ರೋಗ್ರಾಂ ಯಾವುದು? ಹಾಗೇ ಕೃಷ್ಣಪ್ಪನ ಸಾಲಿನ ಹೆಕ್ಸ್ ಡಂಪ್ (ಒಂದೊಂದು ಬೈಟಿನ ಬೆಲೆ, ಹದಿನಾರರ ಮಾನದಲ್ಲಿ) ಹಾಕಿ. ಎಡಿಟರಿನಲ್ಲಿ ಕಾಣುವುದನ್ನು ನೋಡಿ ಇದನ್ನು ಬಗೆಹರಿಸಲು ಆಗುವುದಿಲ್ಲ.

ಹಾಲಿನಲೆಕ್ಕ
ಬಫರ್ 40. ಸಾಲು 36 ತಾನೇ, ನ್ಯೂಲೈನಿಗೆ ಜಾಗ ಇರಲಿ ಅಂತ. ಡೇರಿ ಕಂಪ್ಯೂಟರಿನಲ್ಲಿ ಇರುವುದು ಪೈಥಾನ್ ಪ್ರೋಗ್ರಾಂ. ಹೆಸರಿಗೆ 'ಎಲ್‌ಜಸ್ಟ್ 20' ಹಾಕಿ ಬರೆಯುತ್ತದೆ, ಫೈಲ್ ಯುಟಿಎಫ್-8 (ಯುನಿಕೋಡ್ ಸಂಕೇತಗಳನ್ನು ಬೈಟುಗಳಾಗಿ ಬರೆಯುವ ಕ್ರಮ). ಹೆಸರಿನ ಭಾಗದ ಡಂಪ್ ಇಲ್ಲಿದೆ:

ಇ0 ಬಿ2 95 | ಇ0 ಬಿ3 83 | ಇ0 ಬಿ2 ಬಿ7 | ಇ0 ಬಿ3 8ಡಿ | ಇ0 ಬಿ2 ಎ3 | ಇ0 ಬಿ2 ಎಎ | ಇ0 ಬಿ3 8ಡಿ | ಇ0 ಬಿ2 ಎಎ

ಮೂರು ಮೂರಾಗಿ ನಾನೇ ಗೆರೆ ಹಾಕಿದೆ. ಆಮೇಲೆ 20 ಅನ್ನುವ ಬೈಟು 12 ಸಲ ಇದೆ, ಅದು ಖಾಲಿ ಜಾಗ ಅಲ್ವಾ.

ನೀಲಿಪೆನ್ನು
ಡಂಪ್ ಹಾಕಿದ್ದು ಒಳ್ಳೆಯದಾಯಿತು, ಎಲ್ಲ ಅದರಲ್ಲೇ ಇದೆ.

ಯುನಿಕೋಡ್‌ನಲ್ಲಿ ಕನ್ನಡಕ್ಕೆ 0ಸಿ80 ರಿಂದ 0ಸಿಎಫ್‌ಎಫ್ ವರೆಗಿನ ಜಾಗ. ಅಲ್ಲಿನ ಒಂದೊಂದು ಸಂಕೇತವೂ ಯುಟಿಎಫ್-8 ಫೈಲಿನಲ್ಲಿ 3 ಬೈಟು. ಎಲ್ಲವೂ ಇ0 ಬಿ2 ಅಥವಾ ಇ0 ಬಿ3 ಇಂದಲೇ ಶುರು. ಕೃಷ್ಣಪ್ಪ ಅನ್ನುವುದು ನಮ್ಮ ಕಣ್ಣಿಗೆ ಮೂರು ಅಕ್ಷರ. ಕಂಪ್ಯೂಟರಿಗೆ ಕ, ಋ ಸ್ವರದ ಗುರುತು, ಷ, ವಿರಾಮ (ಅರ್ಧಾಕ್ಷರದ ಗುರುತು), ಣ, ಪ, ವಿರಾಮ, ಪ ಎಂದು 8 ಸಂಕೇತ. ಬೈಟಿನಲ್ಲಿ 24. ಎಲ್‌ಜಸ್ಟ್ ಎಣಿಸುವುದು ಸಂಕೇತಗಳನ್ನು, ಆದ್ದರಿಂದ 8ಕ್ಕೆ 12 ಖಾಲಿ ಸೇರಿಸಿ 20 ಮಾಡಿತು. ನಿಮ್ಮ ಸಿ ಪ್ರೋಗ್ರಾಂ ಎಣಿಸುವುದು ಬೈಟು. ಅದರ ಲೆಕ್ಕದಲ್ಲಿ ಹೆಸರಿನ ಜಾಗ 36 ಬೈಟು, ಇಡೀ ಸಾಲು 52.

ನೀವು ಹೆಸರಿಗೆ 20 ಬೈಟು ತೆಗೆದಿರಿ. 18 ಬೈಟಿಗೆ 6 ಸಂಕೇತ ಮುಗಿಯಿತು, ಅಂದರೆ 'ಕೃಷ್ಣಪ'. ಉಳಿದ ಎರಡು ಬೈಟು ವಿರಾಮದ ಇ0 ಬಿ3, ಅದೇ ನಿಮ್ಮ ಚೌಕ. ವಿರಾಮದ ಮೂರನೇ ಬೈಟು 8ಡಿ ಹೊತ್ತಿನ ಜಾಗಕ್ಕೆ ಹೋಯಿತು. ಕೊನೆಯ 'ಪ' ಮತ್ತು ಎರಡು ಖಾಲಿ ಲೀಟರ್ ಜಾಗಕ್ಕೆ ಬಂದವು. ಅದನ್ನು ಎಟಿಒಐ ಸಂಖ್ಯೆ ಮಾಡಲು ಹೋದರೆ ಸೊನ್ನೆ ಬಿಟ್ಟು ಇನ್ನೇನು ಬರಬೇಕು. ಗಂಗಮ್ಮ 6 ಸಂಕೇತ, 18 ಬೈಟು, ಆದ್ದರಿಂದ ಹೆಸರು ಪೂರ್ತಿ ಉಳಿಯಿತು. ಲೀಟರ್ ಜಾಗದಲ್ಲಿ ಮಾತ್ರ ಬರೀ ಖಾಲಿ.

ಈಗ 100 ನಂಬರಿನ ಸದಸ್ಯ. 40 ಬಫರಿಗೆ ಎಫ್‌ಗೆಟ್ಸ್ ಓದುವುದು ಹೆಚ್ಚೆಂದರೆ 39 ಬೈಟು. 52 ಬೈಟಿನ ಸಾಲಿನಲ್ಲಿ ಉಳಿದ 13 ಮತ್ತು ನ್ಯೂಲೈನ್ ಮುಂದಿನ ಸುತ್ತಿನಲ್ಲಿ ಬೇರೆ ಸಾಲಿನ ಹಾಗೆ ಬರುತ್ತವೆ. ಆ ತುಂಡು ಶುರುವಾಗುವುದು ಒಂದು ಖಾಲಿ, ಹೊತ್ತಿನ 1, ಲೀಟರಿನ ಮೊದಲ ಎರಡು ಸೊನ್ನೆಗಳಿಂದ. ನಾಲ್ಕು ಬೈಟು ಸದಸ್ಯ ಸಂಖ್ಯೆ ಅಂತ ತೆಗೆದರೆ 100. ಗಂಗಮ್ಮನ ಸಾಲು 48 ಬೈಟು, ತುಂಡು ಶುರುವಾಗುವುದು ಲೀಟರಿನ ನಡುವಿನಿಂದ. 420 ರ ಮುಂದೆ ಫ್ಯಾಟಿನ ಸೊನ್ನೆ ಅಂಟಿಕೊಂಡು 4200. ಬೆಳಿಗ್ಗೆ 10 ಲೀಟರ್ ದಾಟಿ ಹಾಕುವ ಎಂಟು ಸಂಕೇತದ ಹೆಸರಿನವರು ಇದ್ದರೆ ಹುಡುಕಿ, ಅವರ ಹಿಂದೆ 101 ಬಂದಿರಬೇಕು.

ಹಾಲಿನಲೆಕ್ಕ
ಇದೆ! 101 ಇದೆ! 12 ಲೀಟರ್ ಹಾಕುವ ಒಬ್ಬರ ಹಿಂದೆಯೇ ಇದೆ. ತುಂಬಾ ಥ್ಯಾಂಕ್ಸ್ ಮೇಡಂ. ಈಗ ಇದನ್ನು ಸರಿ ಮಾಡೋದು ಹೇಗೆ?

ಎಕ್ಸೆಲ್_ಪ್ರಿಯ
ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವ ಬದಲು ಎಕ್ಸೆಲ್‌ನಲ್ಲಿ ತೆರೆದು ಸಿಎಸ್‌ವಿ (ಕಾಲಂ ನಡುವೆ ಕಾಮಾ ಇರುವ ಫೈಲ್) ಮಾಡಿ. ಕಾಮಾ ನೋಡಿ ಒಡೆದರೆ ಮುಗಿಯಿತು.

ರಾತ್ರಿಪಾಳಿ
ದಯವಿಟ್ಟು ಬೇಡ. ಮಾಮೂಲಿಯಾಗಿ ತೆರೆದು ಸೇವ್ ಮಾಡಿದರೆ 0147 ಅನ್ನೋದು 147 ಆಗುತ್ತದೆ, 041 ಅನ್ನೋದು 41 ಆಗುತ್ತದೆ. ಉದ್ದದ ಬ್ಯಾಂಕ್ ಖಾತೆ ಸಂಖ್ಯೆ ಇದ್ದರೆ ಇನ್ನೂ ಅಪಾಯ, ಎಕ್ಸೆಲ್ 15 ಅಂಕಿ ಆದಮೇಲೆ ಉಳಿದವನ್ನು ಸೊನ್ನೆ ಮಾಡಿಬಿಡುತ್ತದೆ. 'ಸಿಎಸ್‌ವಿ ಯುಟಿಎಫ್-8' ಎಂದು ಸೇವ್ ಮಾಡಿದರೆ ಫೈಲಿನ ಮೊದಲಿಗೆ ಬಿಒಎಂ ಅಂತ ಇಎಫ್ ಬಿಬಿ ಬಿಎಫ್ ಮೂರು ಬೈಟು ಕೂರುತ್ತವೆ, ಎಡಿಟರಿನಲ್ಲಿ ಕಾಣುವುದೇ ಇಲ್ಲ. ಆಗ ಮೊದಲ ಸಾಲಿನ ಸದಸ್ಯ ಸಂಖ್ಯೆ ಸೊನ್ನೆ ಅಂತ ಬರುತ್ತದೆ. ಇನ್ನು ಕಾಮಾ. ವಿಳಾಸದಲ್ಲಿ ಕಾಮಾ ಇದ್ದರೆ ಅದನ್ನು ಉದ್ಧರಣ ಚಿಹ್ನೆಯ ಒಳಗೆ ಇಡುತ್ತಾರೆ, ಅದರೊಳಗೆ ನ್ಯೂಲೈನ್ ಕೂಡ ಬರಬಹುದು. ಸಿಎಸ್‌ವಿ ರೂಪವನ್ನು ವಿವರಿಸುವ 2005ರ ಆರ್‌ಎಫ್‌ಸಿ 4180 ಓದಿ ನೋಡಿ. ಸುಮ್ನೆ ಕಾಮಾ ಕಂಡಲ್ಲಿ ಒಡೆಯುವವರಿಗೆ ಸಿಎಸ್‌ವಿ ಕೂಡ ಇಷ್ಟೇ ಕಾಟ ಕೊಡುತ್ತದೆ.

ಎಕ್ಸೆಲ್_ಪ್ರಿಯ
ಇಂಪೋರ್ಟ್ ಮಾಡುವಾಗ ಕಾಲಂ 'ಟೆಕ್ಸ್ಟ್' ಅಂತ ಆರಿಸಿಕೊಂಡರೆ ಸೊನ್ನೆ ಉಳಿಯುತ್ತದೆ. ಅದನ್ನೂ ಹೇಳಿ.

ರಾತ್ರಿಪಾಳಿ
ಸರಿ, ಉಳಿಯುತ್ತದೆ. ಆದರೆ ಹದಿನೈದು ದಿನಕ್ಕೊಮ್ಮೆ ಡೇರಿ ಕಾರ್ಯದರ್ಶಿ ಅದನ್ನು ನೆನಪಿಟ್ಟು ಆರಿಸುತ್ತಾರಾ? ದುಡ್ಡಿನ ಲೆಕ್ಕ ಇದು. ಮಧ್ಯೆ ಕೈಯಿಂದ ಮಾಡುವ ಕೆಲಸ ಇರಬಾರದು.

ಕೋಬಾಲ್_ಹಳಬ
ಬ್ಯಾಂಕಿನ ಮೇನ್‌ಫ್ರೇಮ್‌ನಲ್ಲಿ ಕೆಲಸ ಮಾಡಿದವನು ನಾನು. ನಮ್ಮಲ್ಲಿ ಇಂತಹ ಗೊಂದಲಕ್ಕೆ ಜಾಗವೇ ಇರಲಿಲ್ಲ. ರೆಕಾರ್ಡ್ ಅಂದರೆ ಇಷ್ಟು ಬೈಟು, ಮುಗಿಯಿತು. ಸಾಲಿನ ಕೊನೆಗೆ ನ್ಯೂಲೈನ್ ಕೂಡ ಬೇಕಿಲ್ಲ. 80 ಬೈಟಿನ ರೆಕಾರ್ಡ್ ಅಂದರೆ ಪಂಚ್ ಕಾರ್ಡಿನ 80 ಕಾಲಂ ಕಾಲದಿಂದ ಬಂದ ಅಳತೆ. ಕೋಬಾಲ್ ಭಾಷೆಯಲ್ಲಿ ಹೆಸರಿಗೆ 'ಪಿಕ್ ಎಕ್ಸ್ 20' ಎಂದು ಬರೆದರೆ 20 ಬೈಟು ಅಷ್ಟೇ. ಓದಲು ಏನೂ ಉಳಿದಿಲ್ಲ ಅಂದರೆ ಏನು ಮಾಡಬೇಕು ಅನ್ನುವುದನ್ನು ರೀಡ್ ವಾಕ್ಯದಲ್ಲೇ 'ಅಟ್ ಎಂಡ್' ಎಂದು ಬರೆಯುತ್ತಿದ್ದೆವು. ಮೇಲೆ ಸಿ_ಪಾಠ ಹೇಳಿದ್ದೂ ಅದೇ ತಾನೆ, ಓದಿ ನೋಡು, ಸಿಗದಿದ್ದರೆ ನಿಲ್ಲು.

ನನ್ನ ಕೇಳಿದರೆ ತಪ್ಪು ಆ ಪೈಥಾನ್ ಪ್ರೋಗ್ರಾಂನದು. ಅಗಲ ಗೊತ್ತುಮಾಡಿದ ಫೈಲ್ ಬರೆಯುವವರು ಬೈಟಿನಲ್ಲಿ ಎಣಿಸಿ ತುಂಬಬೇಕಿತ್ತು.

ನೀಲಿಪೆನ್ನು
ಅದು ಒಪ್ಪುವ ಮಾತಲ್ಲ ಸರ್. 20 ಬೈಟಿನಲ್ಲಿ ಕನ್ನಡ ಹೆಸರು ಎಷ್ಟು ಹಿಡಿಯುತ್ತದೆ? ಆರು ಸಂಕೇತ. ಕೃಷ್ಣಪ್ಪ ಅನ್ನುವ ಸಾದಾ ಹೆಸರಿಗೇ ಸಾಲುವುದಿಲ್ಲ. ಇಂಗ್ಲಿಷ್ ಹೆಸರಿಗೆ ಮಾಡಿದ ಅಳತೆಗೆ ನಮ್ಮ ಹೆಸರು ಕತ್ತರಿಸಿ ತುರುಕಬೇಕಾ? ಬರೆದವರು ಸಂಕೇತ ಎಣಿಸಿದ್ದಾರೆ, ಅದೂ ಒಂದು ಕ್ರಮವೇ. ಅವರು ಎಣಿಸಿದ ಹಾಗೆಯೇ ನಾವೂ ಎಣಿಸಿ ಓದಬೇಕು, ಅಷ್ಟೇ. ಕಷ್ಟ ಬರುವುದು ಆ ಕ್ರಮವನ್ನು ಯಾರೂ ಎಲ್ಲೂ ಬರೆದಿಡದೆ '20 ಅಕ್ಷರ' ಎಂದು ಬಾಯಲ್ಲಿ ಹೇಳಿದಾಗ.

ಕೋಬಾಲ್_ಹಳಬ
ಹಾಗಾದರೆ 60 ಬೈಟು ಇಡಲಿ. ಬೈಟು ಅಂದರೆ ಎಲ್ಲ ಭಾಷೆಗೂ ಒಂದೇ ಅರ್ಥ. ಸಂಕೇತ ಅಂದರೆ ಪೈಥಾನ್‌ಗೆ ಒಂದು ಲೆಕ್ಕ, ಜಾವಾಗೆ ಇನ್ನೊಂದು.

ನೀಲಿಪೆನ್ನು
ಜಾವಾದಲ್ಲಿ ವ್ಯತ್ಯಾಸ ಬರುವುದು ಎಫ್‌ಎಫ್‌ಎಫ್‌ಎಫ್ ದಾಟಿದ ಸಂಕೇತಗಳಿಗೆ, ಎಮೋಜಿಗೆ ಆಗುವ ಹಾಗೆ. ಕನ್ನಡ ಅಕ್ಷರಕ್ಕೆ ಎರಡರಲ್ಲೂ ಒಂದೇ ಲೆಕ್ಕ ಬರುತ್ತದೆ. ಆದರೆ 60 ಬೈಟು ಎಂದು ಬರೆದಿಟ್ಟರೆ ನನ್ನ ತಕರಾರಿಲ್ಲ.

ಹಾಲಿನಲೆಕ್ಕ
ಸರ್, ಮೇಡಂ, ಬರೆಯುವ ಪ್ರೋಗ್ರಾಂ ನನ್ನ ಕೈಯಲ್ಲಿಲ್ಲ. ಹಳೆಯ ಫೈಲುಗಳೂ ರಾಶಿ ಇವೆ. ಸಿಯಲ್ಲಿ ಓದುವ ದಾರಿ ಹೇಳಿ.

ಸಿ_ಪಾಠ
ವೈಡ್ ಕ್ಯಾರೆಕ್ಟರ್ ಬಳಸಿ. ಮೊದಲು ಸೆಟ್‌ಲೊಕೇಲ್ (ಕಂಪ್ಯೂಟರಿನ ಭಾಷೆ, ಅಕ್ಷರಕ್ರಮದ ಸೆಟ್ಟಿಂಗ್ ಹಿಡಿಯಲು), ಆಮೇಲೆ ಎಫ್‌ಗೆಟ್ಸ್ ಬದಲು ಎಫ್‌ಗೆಟ್‌ಡಬ್ಲ್ಯುಎಸ್. ಆಗ ಒಂದು ಸಂಕೇತ ಒಂದು ಜಾಗ.

ನೀಲಿಪೆನ್ನು
ಲೊಕೇಲ್ ಯುಟಿಎಫ್-8 ಅಲ್ಲದ ಕಂಪ್ಯೂಟರಿಗೆ ಹೋದರೆ ಅದು ಸರಿಯಾಗಿ ಓದುವುದೇ ಇಲ್ಲ. ಡೇರಿ ಕಂಪ್ಯೂಟರಿನಲ್ಲಿ ವಿಂಡೋಸ್ ಇದ್ದರೆ ಇನ್ನೊಂದು ರಗಳೆ. ಬೈಟಾಗಿಯೇ ಓದಿ, ಎಣಿಸುವಾಗ ಮಾತ್ರ ಜಾಣತನ ಮಾಡಿ. ಯುಟಿಎಫ್-8ನಲ್ಲಿ ಒಂದು ಸಂಕೇತದ ಎರಡನೇ, ಮೂರನೇ ಬೈಟುಗಳು ಯಾವಾಗಲೂ 80 ರಿಂದ ಬಿಎಫ್ ಒಳಗೇ ಇರುತ್ತವೆ, ಅಂದರೆ ಮೊದಲ ಎರಡು ಬಿಟ್ 1 ಮತ್ತು 0. ಮೇಲಿನ ಡಂಪ್ ನೋಡಿ, ಎಲ್ಲವೂ ಹಾಗೇ ಇವೆ. ಅಂಥ ಬೈಟುಗಳನ್ನು ಎಣಿಸದೆ ಮುಂದೆ ಹೋಗಿ. ಬೈಟನ್ನು ಸಿ0 ಜೊತೆ 'ಆಂಡ್' ಮಾಡಿದಾಗ 80 ಬಂದರೆ ಎಣಿಸಬೇಡಿ. ಹೀಗೆ 20 ಎಣಿಸಿದಲ್ಲಿ ಹೆಸರು ಮುಗಿಯಿತು. 1992ರಲ್ಲಿ ಕೆನ್ ಥಾಂಪ್ಸನ್, ರಾಬ್ ಪೈಕ್ ಇದನ್ನು ಕಟ್ಟಿದ್ದೇ ಹೀಗೆ. ಸಾಲಿನ ನಡುವೆ ಎಲ್ಲಿ ಬಿದ್ದರೂ ಸಂಕೇತದ ತಲೆ ಯಾವುದು ಅಂತ ಗೊತ್ತಾಗುತ್ತದೆ.

ರಾತ್ರಿಪಾಳಿ
ಅದಕ್ಕಿಂತ ಸುಲಭ ಇದೆ. ಬಲದಿಂದ ಎಣಿಸಿ. ಹೆಸರು ಬಿಟ್ಟರೆ ಉಳಿದದ್ದೆಲ್ಲ ಅಂಕಿ, ಅಂಕಿಗೆ ಒಂದೇ ಬೈಟು. ಸಾಲಿನ ಕೊನೆಯ ನ್ಯೂಲೈನ್ ತೆಗೆಯಿರಿ, ವಿಂಡೋಸ್ ಫೈಲ್ ಆದರೆ ಅದರ ಹಿಂದಿನ ಕ್ಯಾರೇಜ್ ರಿಟರ್ನ್ ಕೂಡ. ಈಗ ಕೊನೆಯ 12 ಬೈಟು ಹೊತ್ತು, ಲೀಟರ್, ಫ್ಯಾಟ್, ಎಸ್‌ಎನ್‌ಎಫ್. ಮೊದಲ 4 ಬೈಟು ಸದಸ್ಯ ಸಂಖ್ಯೆ. ನಡುವೆ ಉಳಿದದ್ದು ಹೆಸರು, ಅದರ ಬಲಗಡೆಯ ಖಾಲಿ ಕತ್ತರಿಸಿ. ಯುನಿಕೋಡ್ ಮಾತೇ ಬೇಡ.

ನೀಲಿಪೆನ್ನು
ಅಗಲ ಬದಲಾಗುವ ಕಾಲಂ ಒಂದೇ ಇದೆ ಅಂತ ಅದು ನಡೆಯುತ್ತದೆ. ನಾಳೆ ಊರಿನ ಹೆಸರೂ ಕನ್ನಡದಲ್ಲಿ ಸೇರಿಸಿದರೆ?

ರಾತ್ರಿಪಾಳಿ
ನಾಳೆ ಸೇರಿಸಿದರೆ ನಿಮ್ಮ ದಾರಿ. ಇವತ್ತಿನ ಫೈಲಿಗೆ ನನ್ನದೇ ಗಟ್ಟಿ. ಯಾಕೆ ಅಂದರೆ ಎಲ್‌ಜಸ್ಟ್ ಖಾಲಿ ತುಂಬುತ್ತದೆ ಹೊರತು ಉದ್ದದ ಹೆಸರನ್ನು ಕತ್ತರಿಸುವುದಿಲ್ಲ. ಲಕ್ಷ್ಮೀನಾರಾಯಣಪ್ಪ ಅನ್ನುವ ಹೆಸರೇ 16 ಸಂಕೇತ. ಜೊತೆಗೆ ತಂದೆಯ ಹೆಸರೋ ಮನೆತನದ ಹೆಸರೋ ಸೇರಿಸಿ ಬರೆದಿದ್ದರೆ 20 ದಾಟಿ ಸಾಲು ಉದ್ದವಾಗಿರುತ್ತದೆ. 20 ಎಣಿಸಿ ಕತ್ತರಿಸಿದರೆ ಹೆಸರಿನ ಬಾಲ ಲೀಟರಿಗೆ ಹೋಗುತ್ತದೆ. ಬಲದಿಂದ ಬಂದರೆ ಅದಕ್ಕೆ ಏನೂ ಆಗುವುದಿಲ್ಲ.

ನೀಲಿಪೆನ್ನು
ಎಲ್‌ಜಸ್ಟ್ ಕತ್ತರಿಸುವುದಿಲ್ಲ ಅನ್ನೋದು ಒಳ್ಳೆಯ ಮಾತು. ಈ ಫೈಲಿಗೆ ಬಲದಿಂದಲೇ ಆಗಲಿ. ಆದರೆ ಆ 12 ಬೈಟೂ ಅಂಕಿಯೇ ಅಂತ ನೋಡಿಕೊಂಡು ಮುಂದೆ ಹೋಗಿ, ಅಲ್ಲದಿದ್ದರೆ ಸಾಲಿನ ಸಂಖ್ಯೆ ಸಮೇತ ತಪ್ಪು ತೋರಿಸಿ ನಿಲ್ಲಿಸಿ. ಬಫರ್ 256 ಮಾಡಿ. ಓದಿದ ಸಾಲಿನಲ್ಲಿ ನ್ಯೂಲೈನ್ ಇಲ್ಲದಿದ್ದರೆ, ಮತ್ತು ಅದು ಫೈಲಿನ ತುದಿಯೂ ಅಲ್ಲದಿದ್ದರೆ, ಸಾಲು ತುಂಡಾಗಿದೆ ಎಂದೇ ಅರ್ಥ.

ಶಿರಸಿ_ಹುಡುಗ
ಎಫ್‌ರೀಡ್‌ನಿಂದ ನೇರ ಸ್ಟ್ರಕ್ಟ್‌ಗೆ (ಕಾಲಂಗಳನ್ನು ಒಟ್ಟಿಗೆ ಇಡುವ ಕಟ್ಟು) ಓದಿಬಿಟ್ಟರೆ ಆಗಲ್ವಾ? ಕತ್ತರಿಸುವ ಕೆಲಸವೇ ಇರುವುದಿಲ್ಲ.

ಸಿ_ಪಾಠ
ಇಲ್ಲಿ ಒಂದು ಸಾಲು 36 ಬೈಟು, ಇನ್ನೊಂದು 48, ಮತ್ತೊಂದು 52. ಎಫ್‌ರೀಡ್ ಎಲ್ಲದಕ್ಕೂ ಒಂದೇ ಅಳತೆ ಹಿಡಿಯುತ್ತದೆ. ಅಳತೆ ಒಂದೇ ಇದ್ದರೂ ಹುಷಾರಾಗಿರಬೇಕು. ಒಂದು ಕ್ಯಾರ್ (1 ಬೈಟು), ಒಂದು ಇಂಟ್ (4 ಬೈಟು) ಇರುವ ಸ್ಟ್ರಕ್ಟ್ 5 ಬೈಟು ಅಂದುಕೊಳ್ಳುತ್ತೇವೆ. ಸಾಮಾನ್ಯವಾಗಿ ಕಂಪೈಲರ್ ನಡುವೆ ಖಾಲಿ ತುಂಬಿ 8 ಮಾಡುತ್ತದೆ.

ಇನ್ನೊಂದು ಮಾತು. ಸದಸ್ಯ ಸಂಖ್ಯೆಗೆ ಯಾರಾದರೂ ಎಸ್‌ಸ್ಕ್ಯಾನ್‌ಎಫ್‌ನ ಪರ್ಸೆಂಟ್ ಐ ಬಳಸಿದರೆ 0147 ಅನ್ನು ಅಷ್ಟಮಾನ ಎಂದು ಓದಿ 103 ಕೊಡುತ್ತದೆ. ಪರ್ಸೆಂಟ್ ಡಿ ಬಳಸಿ.

ಅಡಿಕೆತೋಟ
ಲೀಟರನ್ನು ಫ್ಲೋಟ್ (ದಶಮಾಂಶದ ಸಂಖ್ಯೆ) ಮಾಡಿಕೊಳ್ಳಬೇಡಿ ತಮ್ಮಾ. ಫೈಲಿನಲ್ಲಿ 650 ಅಂತಲೇ ಇದೆ, ಹಾಗೇ ಇಂಟ್ ಇಟ್ಟು ಕೂಡಿಸಿ, ದುಡ್ಡನ್ನು ಪೈಸೆಯಲ್ಲಿ ಇಡಿ. ಮುದ್ರಿಸುವಾಗ ಮಾತ್ರ ಚುಕ್ಕೆ ಹಾಕಿ. 0.1 ಅನ್ನೋದು ಬೈನರಿಯಲ್ಲಿ ಸರಿಯಾಗಿ ಕೂರುವುದಿಲ್ಲ. ನಮ್ಮ ಸೊಸೈಟಿಯಲ್ಲಿ ಅಡಿಕೆ ತೂಕದ ಲೆಕ್ಕ ಒಂದೆರಡು ಪೈಸೆ ಹೆಚ್ಚುಕಮ್ಮಿ ಆಗಿ ಸಭೆಯಲ್ಲಿ ದೊಡ್ಡ ಜಗಳವೇ ನಡೆದಿದೆ.

ಕೋಬಾಲ್_ಹಳಬ
ಸದ್ಯ ಇವರ ಫೈಲ್ ಯುನಿಕೋಡ್. ಹಳೆಯ ಸೊಸೈಟಿಗಳ ಫಾಕ್ಸ್‌ಪ್ರೋ (ಹಳೆಯ ಡೇಟಾಬೇಸ್ ಪ್ರೋಗ್ರಾಂ) ಡಿಬಿಎಫ್ ಫೈಲು ನೋಡಿದ್ದೀರಾ? ಅದರಲ್ಲಿ ಪ್ರತಿ ರೆಕಾರ್ಡಿನ ಮೊದಲ ಬೈಟು ಅಳಿಸಿದ ಗುರುತು. ಖಾಲಿ ಇದ್ದರೆ ರೆಕಾರ್ಡ್ ಉಂಟು, ನಕ್ಷತ್ರ ಇದ್ದರೆ ಅಳಿಸಿದ್ದು. ಆದರೆ ಪ್ಯಾಕ್ ಮಾಡುವ (ಅಳಿಸಿದ್ದನ್ನು ಪೂರ್ತಿ ತೆಗೆಯುವ) ತನಕ ಫೈಲಿನಲ್ಲೇ ಕೂತಿರುತ್ತದೆ. ಆ ಬೈಟು ನೋಡದೆ ಓದಿದರೆ ಸದಸ್ಯತ್ವ ಬಿಟ್ಟುಹೋದವರೂ ಎದ್ದು ಬರುತ್ತಾರೆ.

ಎಕ್ಸೆಲ್_ಪ್ರಿಯ
ಅದರಲ್ಲಿ ಕನ್ನಡ ಇದ್ದರೆ ನುಡಿ ಥರದ ಫಾಂಟಿನದ್ದೇ ಇರುತ್ತಿತ್ತು ಅಲ್ವಾ? ನಾನೊಂದು ತೆರೆದಾಗ ಬರೀ ಇಂಗ್ಲಿಷ್ ಅಕ್ಷರ, ಪೌಂಡ್ ಗುರುತು ಕಂಡವು.

ಕೋಬಾಲ್_ಹಳಬ
ಹೌದು. ಆ ಪೌಂಡ್ ಗುರುತು ನ ಅಕ್ಷರದ ರೂಪ. ಬೈಟು ಇಂಗ್ಲಿಷಿನದು, ಫಾಂಟ್ ಮಾತ್ರ ಕನ್ನಡ ತೋರಿಸುತ್ತಿತ್ತು. ಅಂಥದ್ದನ್ನು ಯುನಿಕೋಡ್‌ಗೆ ಪರಿವರ್ತಿಸಿದ ಮೇಲೆಯೇ ಮುಂದಿನ ಕೆಲಸ. ಆಗ ಹೆಸರಿನ ಬೈಟುಗಳು ಜಾಸ್ತಿಯಾಗಿ ಕಾಲಂ ಅಳತೆ ಬದಲಾಗುತ್ತದೆ, ಹಾಗಾಗಿ ಮೊದಲು ಕಾಲಂ ಒಡೆದುಕೊಂಡು ಆಮೇಲೆ ಪರಿವರ್ತಿಸಿ.

ಹಾಲಿನಲೆಕ್ಕ
ಬಲದಿಂದ ಎಣಿಸಿ ಬರೆದೆ. 100, 101, 4200 ಎಲ್ಲ ಹೋದರು. ಕೊನೆಯ ರೆಕಾರ್ಡ್ ಒಂದೇ ಸಲ ಬರುತ್ತಿದೆ. ದಿನದ ಒಟ್ಟು ಲೀಟರ್ ಡೇರಿ ಪುಸ್ತಕಕ್ಕೆ ತಾಳೆಯಾಯಿತು. ಅಂಕಿಯಾ ಅಂತ ನೋಡುವ ಪರೀಕ್ಷೆ ಹಾಕಿದ್ದಕ್ಕೆ ಒಂದು ಹಳೆಯ ಫೈಲಿನಲ್ಲಿ ಫ್ಯಾಟ್ ಜಾಗ ಖಾಲಿ ಬಿಟ್ಟ ಸಾಲೂ ಸಿಕ್ಕಿತು, ಮೊದಲು ಅದು ಸೊನ್ನೆ ಎಂದು ಲೆಕ್ಕಕ್ಕೆ ಹೋಗುತ್ತಿತ್ತು.

ಒಂದೇ ಒಂದು ಉಳಿದಿದೆ. ಗೋವಿಂದಪ್ಪ ಅನ್ನುವವರು ಬಟವಾಡೆ ಪಟ್ಟಿಯಲ್ಲಿ ಎರಡು ಕಡೆ ಬರುತ್ತಾರೆ. ಹೆಸರು ಕಣ್ಣಿಗೆ ಒಂದೇ ಥರ ಕಾಣುತ್ತದೆ, ಹೋಲಿಸಿ ನೋಡುವ ಎಸ್‌ಟಿಆರ್‌ಸಿಎಂಪಿ ಮಾತ್ರ ಬೇರೆ ಬೇರೆ ಅನ್ನುತ್ತದೆ.

ನೀಲಿಪೆನ್ನು
'ಗೋ' ನೋಡಿ. ಅದರ ಓ ಗುರುತನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎ ಗುರುತು, ಊ ಗುರುತು, ದೀರ್ಘದ ಗುರುತು ಎಂದು ಮೂರು ಸಂಕೇತವಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಬೈಟಿನಲ್ಲಿ ಒಂದು 3, ಇನ್ನೊಂದು 9. ಕಣ್ಣಿಗೆ ಕಾಣದ ಜೋಡಕ ಸಂಕೇತ ಸೇರಿಕೊಂಡಿದ್ದರೂ ಹೀಗಾಗುತ್ತದೆ. ಡಂಪ್ ತೆಗೆದರೆ ಯಾವುದು ಅಂತ ಗೊತ್ತಾಗುತ್ತದೆ. ಪೈಥಾನ್ ಕಡೆ ಬರೆಯುವ ಮೊದಲು ಎನ್‌ಎಫ್‌ಸಿ ರೂಪಕ್ಕೆ (ಬಿಡಿ ಗುರುತುಗಳನ್ನು ಒಂದೇ ಸಂಕೇತವಾಗಿ ಕೂಡಿಸಿದ ರೂಪ) ತಂದರೆ ಓ ಗುರುತಿನ ತೊಂದರೆ ಇರುವುದಿಲ್ಲ.

ರಾತ್ರಿಪಾಳಿ
ಅದಿರಲಿ, ಹೆಸರಿನ ಮೇಲೆ ಯಾಕೆ ಗುಂಪು ಮಾಡುತ್ತಿದ್ದೀರಿ? ಸದಸ್ಯ ಸಂಖ್ಯೆ ಇರುವುದೇ ಅದಕ್ಕೆ. ಊರಿನಲ್ಲಿ ಇಬ್ಬರು ಗೋವಿಂದಪ್ಪ ಇದ್ದರೆ ಒಬ್ಬರ ದುಡ್ಡು ಇನ್ನೊಬ್ಬರಿಗೆ ಹೋಗುತ್ತದೆ.

ಹಾಲಿನಲೆಕ್ಕ
ಸಂಖ್ಯೆ ಮೇಲೆ ಮಾಡಿದೆ, ಸರಿಯಾಯಿತು. ಡೇರಿ ಪ್ರೋಗ್ರಾಂ ನೋಡಿಕೊಳ್ಳುವವರ ಹತ್ತಿರವೂ ಮಾತಾಡಿದೆ. ಮುಂದಿನ ತಿಂಗಳಿನಿಂದ ಕಾಲಂ ನಡುವೆ ಟ್ಯಾಬ್ ಹಾಕಿ ಕೊಡುತ್ತಾರಂತೆ. ಆಗ ಎಸ್‌ಟಿಆರ್‌ಟಾಕ್ ಬಳಸಿ ಒಡೆಯಬಹುದು ಅಲ್ವಾ?

ಸಿ_ಪಾಠ
ಎಸ್‌ಟಿಆರ್‌ಟಾಕ್ ಬೇಡ. ಅಕ್ಕಪಕ್ಕ ಎರಡು ಟ್ಯಾಬ್ ಬಂದರೆ ಅದು ಒಂದೇ ಎಂದು ಹಿಡಿಯುತ್ತದೆ. ಆ ಫ್ಯಾಟ್ ಖಾಲಿ ಬಿಟ್ಟ ಸಾಲಿನಲ್ಲಿ ಎಸ್‌ಎನ್‌ಎಫ್ ಬಂದು ಫ್ಯಾಟ್ ಜಾಗದಲ್ಲಿ ಕೂರುತ್ತದೆ, 8.6 ಫ್ಯಾಟಿನ ದರ ಸಿಗುತ್ತದೆ. ಎಸ್‌ಟಿಆರ್‌ಸಿಎಚ್‌ಆರ್‌ನಿಂದ ಒಂದೊಂದೇ ಟ್ಯಾಬ್ ಹುಡುಕಿಕೊಂಡು ಹೋಗಿ, ಸಾಲಿಗೆ ಐದೇ ಟ್ಯಾಬ್ ಇವೆಯಾ ಅಂತ ಮೊದಲು ಎಣಿಸಿ. ಹಳೆಯ ಫೈಲುಗಳಿಗೆ ಈಗ ಬರೆದ ಕೋಡ್ ಹಾಗೇ ಇರಲಿ, ಅಳಿಸಬೇಡಿ.